ಹಿಂದಿನ ಬೆಂಚಿನ ಪ್ರಶ್ನೆ: ‘ಬ್ಲ್ಯಾಕ್‌ಬೋರ್ಡ್ ಜಂಗಲ್’ ಚಿತ್ರದ ಮರುನೋಟ

ಕಲಿಯಲು ಮನಸ್ಸಿಲ್ಲದವನಿಗೆ ಕಲಿಸುವುದು ಹೇಗೆ? ಶಾಲೆಯಷ್ಟೇ ಹಳೆಯದಾದ ಈ ಪ್ರಶ್ನೆಯನ್ನು ಕೈಕಸುಬು ಕಲಿಸುವ ಶಾಲೆಯೊಂದರ ತರಗತಿಯೊಳಗೇ ನಿಂತು ಕೇಳಿದ ಚಿತ್ರ, 1955ರಲ್ಲಿ ಅಮೆರಿಕದಲ್ಲಿ ತೆರೆಕಂಡ ‘ಬ್ಲ್ಯಾಕ್‌ಬೋರ್ಡ್ ಜಂಗಲ್’. ಇದರ ನಿರ್ದೇಶಕರು ರಿಚರ್ಡ್ ಬ್ರೂಕ್ಸ್. ಎಪ್ಪತ್ತು ವರ್ಷ ಕಳೆದ ಮೇಲೂ ಜನರು ಈ ಚಿತ್ರವನ್ನು ಎರಡು ಕಾರಣಗಳಿಗಾಗಿ ನೆನೆಯುತ್ತಾರೆ: ಆರಂಭದಲ್ಲಿ ಅಬ್ಬರಿಸುವ ಬಿಲ್ ಹೇಲಿಯವರ ‘ರಾಕ್ ಅರೌಂಡ್ ದ ಕ್ಲಾಕ್’ ಹಾಡು ಮತ್ತು ಕೊನೆಯಲ್ಲಿ ತರಗತಿಯ ನಡುವೆ ಹೊಳೆಯುವ ಚಾಕು. ಈ ಎರಡರ ಗದ್ದಲದಲ್ಲಿ ಚಿತ್ರದ ನಡುಭಾಗ ಮರೆತುಹೋಗಿದೆ. ಅಲ್ಲಿ ಒಬ್ಬ ಹೊಸ ಉಪಾಧ್ಯಾಯ ಒಂದೊಂದೇ ಉಪಾಯ ಹೂಡಿ, ಸೋತು, ಮತ್ತೆ ಹೂಡುತ್ತಾನೆ. ಈ ಲೇಖನದ ಆಸಕ್ತಿ ಆ ನಡುಭಾಗದಲ್ಲಿದೆ.

ಚಿತ್ರಕ್ಕೆ ಮೂಲವಾದ ಕಾದಂಬರಿಯನ್ನು ಇವಾನ್ ಹಂಟರ್ 1954ರಲ್ಲಿ ಪ್ರಕಟಿಸಿದರು. ನೌಕಾಪಡೆಯಲ್ಲಿ ಸೇವೆ ಸಲ್ಲಿಸಿ, ಪದವಿ ಪಡೆದು, 1950ರಲ್ಲಿ ನ್ಯೂಯಾರ್ಕಿನ ಬ್ರಾಂಕ್ಸ್ ಪ್ರದೇಶದ ವೃತ್ತಿಶಿಕ್ಷಣ ಶಾಲೆಯೊಂದರಲ್ಲಿ ಅವರು ಉಪಾಧ್ಯಾಯರಾಗಿ ಸೇರಿದರು. ಅಲ್ಲಿ ನಿಂತದ್ದು 17 ದಿನ ಮಾತ್ರ. ಮುಂದೆ ‘ಎಡ್ ಮೆಕ್‌ಬೇನ್’ ಎಂಬ ಹೆಸರಿನಲ್ಲಿ ಪತ್ತೇದಾರಿ ಕಾದಂಬರಿಗಳನ್ನು ಬರೆದು ಖ್ಯಾತರಾದವರು ಇವರೇ. ಹದಿನೇಳು ದಿನಗಳಲ್ಲಿ ಒಬ್ಬರಿಗೆ ಶಾಲೆಯ ಬಗ್ಗೆ ಏನು ತಿಳಿದೀತು ಎಂದು ಕೇಳಬಹುದು. ಅದಕ್ಕೆ ಉತ್ತರ ಕೃತಿಯಲ್ಲೇ ಇದೆ. ಮೂವತ್ತು ವರ್ಷ ಪಾಠ ಮಾಡಿದವರಿಗೆ ಮರೆತುಹೋಗಿರುವ ಮೊದಲ ವಾರದ ಭಯ ಅದರಲ್ಲಿ ಹಸಿಯಾಗಿಯೇ ಉಳಿದಿದೆ. ಮುಂಜಾನೆ ತರಗತಿಯ ಬಾಗಿಲು ತೆರೆಯುವಾಗ ಹೊಟ್ಟೆಯಲ್ಲಿ ಹುಟ್ಟುವ ತಳಮಳವನ್ನು ಹಂಟರ್ ಕಲ್ಪಿಸಿಕೊಳ್ಳಬೇಕಾಗಿರಲಿಲ್ಲ.

ಕಥಾನಾಯಕ ರಿಚರ್ಡ್ ಡಾಡಿಯೆ (ನಟ ಗ್ಲೆನ್ ಫೋರ್ಡ್) ಕೆಲಸಕ್ಕಾಗಿ ಸಂದರ್ಶನಕ್ಕೆ ಬರುತ್ತಾನೆ. ದನಿ ಹಿಂದಿನ ಬೆಂಚಿನವರೆಗೆ ಕೇಳಿಸುತ್ತದೆಯೇ ಎಂಬ ಶಂಕೆ ಎದ್ದಾಗ ಶೇಕ್ಸ್‌ಪಿಯರನ ಸಾಲುಗಳನ್ನು ಗಟ್ಟಿಯಾಗಿ ಹೇಳಿ ಕೆಲಸ ಗಿಟ್ಟಿಸಿಕೊಳ್ಳುತ್ತಾನೆ. ಹೊರಡುವಾಗ ಶಿಸ್ತಿನ ಸಮಸ್ಯೆಯ ಬಗ್ಗೆ ಒಂದು ಮಾತು ಕೇಳುತ್ತಾನೆ. ಪ್ರಾಂಶುಪಾಲ ವಾರ್ನೆಕೆ ಕೆರಳುತ್ತಾನೆ. ತಾನಿರುವವರೆಗೆ ಈ ಶಾಲೆಯಲ್ಲಿ ಅಂಥ ಸಮಸ್ಯೆಯೇ ಇಲ್ಲ ಎನ್ನುತ್ತಾನೆ. ಸ್ವಲ್ಪ ಹೊತ್ತಿನಲ್ಲೇ ಶಿಕ್ಷಕರ ಕೊಠಡಿಯಲ್ಲಿ ಇದಕ್ಕೆ ತದ್ವಿರುದ್ಧವಾದ ಉತ್ತರ ಸಿಗುತ್ತದೆ. ಇತಿಹಾಸದ ಹಿರಿಯ ಮೇಷ್ಟ್ರು ಮರ್ಡಾಕ್ ಈ ಶಾಲೆಯನ್ನು ಇಡೀ ಶಿಕ್ಷಣ ವ್ಯವಸ್ಥೆಯ ಕಸದ ತೊಟ್ಟಿ ಎಂದು ಕರೆಯುತ್ತಾನೆ. ಒಳಗಿನದು ಹೊರಗೆ ಚೆಲ್ಲದಂತೆ ಮುಚ್ಚಳದ ಮೇಲೆ ಕೂರುವುದೇ ತಮ್ಮ ಕೆಲಸವೆಂಬುದು ಅವನ ಸಿದ್ಧಾಂತ.

ಸಮಸ್ಯೆಯೇ ಇಲ್ಲವೆನ್ನುವವನೂ ಸಮಸ್ಯೆಯ ಹೊರತು ಬೇರೇನೂ ಇಲ್ಲವೆನ್ನುವವನೂ ಒಂದೇ ಕಟ್ಟಡದಲ್ಲಿ ಸಂಬಳ ಎಣಿಸುತ್ತಿದ್ದಾರೆ. ಇಬ್ಬರ ಮಾತಿನಲ್ಲೂ ಹುಡುಗರು ಇಲ್ಲ ಎಂಬುದನ್ನು ಚಿತ್ರ ಸದ್ದಿಲ್ಲದೆ ತೋರಿಸುತ್ತದೆ. ಇಲ್ಲಿಗೆ ಬಂದ ಹುಡುಗರಲ್ಲಿ ಹೆಚ್ಚಿನವರು ಬಯಸಿ ಬಂದವರಲ್ಲ. ಪುಸ್ತಕದ ಓದಿಗೆ ತಕ್ಕವರಲ್ಲವೆಂದು ಬೇರೆಡೆ ತೀರ್ಮಾನವಾದ ಮೇಲೆ ಇಲ್ಲಿಗೆ ತಲುಪಿದವರು. ಹತ್ತನೆಯ ತರಗತಿಯಲ್ಲಿ ಅಂಕ ಕಡಿಮೆ ಬಂದ ಮಗನ ಬಗ್ಗೆ ‘ಇನ್ನೇನು, ಐ.ಟಿ.ಐ.ಗೆ ಹಾಕಿಬಿಡಿ’ ಎಂಬ ಮಾತು ನಮ್ಮ ಮನೆಗಳಲ್ಲೂ ಕೇಳಿಬರುತ್ತದೆ. ಐ.ಟಿ.ಐ. ಎಂಬುದು ಅವಮಾನದ ಪದವಲ್ಲ. ಆದರೆ ಅದರ ಹಿಂದಿರುವ ‘ಇನ್ನೇನು’ ಎಂಬ ಪುಟ್ಟ ಪದದ ಭಾರವನ್ನು ಮಗ ತರಗತಿಗೆ ಹೊತ್ತುಕೊಂಡೇ ಹೋಗುತ್ತಾನೆ. ನಾರ್ತ್ ಮ್ಯಾನುಯಲ್ ಶಾಲೆಯ ಹುಡುಗರೂ ಅಂಥದೇ ಒಂದು ಪದವನ್ನು ಹೊತ್ತು ಬಂದವರು. ಅವರ ಒರಟುತನದಲ್ಲಿ ಶಾಲೆಯ ಬಗೆಗಿನ ಒಂದು ತೀರ್ಪು ಅಡಗಿದೆ: ನೀವು ನಮ್ಮನ್ನು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ, ನಾವೂ ನಿಮ್ಮನ್ನು ತೆಗೆದುಕೊಳ್ಳುವುದಿಲ್ಲ.

ಮೊದಲ ದಿನವೇ ಡಾಡಿಯೆಯ ಹೆಸರು ‘ಡ್ಯಾಡಿ-ಓ’ ಎಂದು ತಿರುಚಿಕೊಳ್ಳುತ್ತದೆ. ಅವನು ಬೆನ್ನು ತಿರುಗಿಸಿದಾಗ ಚೆಂಡೊಂದು ಹಾರಿ ಬಂದು ಕಪ್ಪುಹಲಗೆಗೆ ಬಡಿಯುತ್ತದೆ. ಆ ತರಗತಿಯಲ್ಲಿ ಇಬ್ಬರು ಹುಡುಗರು ಎದ್ದು ಕಾಣುತ್ತಾರೆ. ಒಬ್ಬ ಗ್ರೆಗರಿ ಮಿಲ್ಲರ್ ಎಂಬ ಕರಿಯ ಜನಾಂಗದ ತರುಣ. ಈ ಪಾತ್ರದಲ್ಲಿ ಸಿಡ್ನಿ ಪಾಯ್ಟಿಯರ್ ಇದ್ದಾರೆ. ಇನ್ನೊಬ್ಬ ಆರ್ಟಿ ವೆಸ್ಟ್. ನಟ ವಿಕ್ ಮಾರೋ. ಮಿಲ್ಲರನ ಮಾತಿಗೆ ಉಳಿದವರು ಕಿವಿಗೊಡುತ್ತಾರೆಂದು ಗುರುತಿಸಿದ ಡಾಡಿಯೆ ಅವನನ್ನು ಒಬ್ಬನೇ ಸಿಕ್ಕಾಗ ಹೊಗಳುತ್ತಾನೆ: ನೀನು ಹುಟ್ಟು ನಾಯಕ, ನನಗೆ ಸಹಾಯ ಮಾಡು ಎನ್ನುತ್ತಾನೆ. ಮಿಲ್ಲರ್ ವಿನಯದಿಂದಲೇ ಕೇಳಿಸಿಕೊಂಡು, ಹಾಗೆಯೇ ಜಾರಿಕೊಳ್ಳುತ್ತಾನೆ. ತರಗತಿಯ ಮುಖಂಡನನ್ನು ಒಲಿಸಿಕೊಂಡರೆ ತರಗತಿ ಒಲಿಯುತ್ತದೆ ಎಂಬ ಸಲಹೆಯನ್ನು ಹೊಸ ಶಿಕ್ಷಕರಿಗೆ ಇಂದಿಗೂ ಕೊಡಲಾಗುತ್ತದೆ. ಆ ಉಪಾಯ ಇಲ್ಲಿ ಏಕೆ ಸೋಲುತ್ತದೆ ಎಂಬುದು ಪಾಯ್ಟಿಯರ್ ಅವರ ಕಣ್ಣಂಚಿನ ನಗೆಯಲ್ಲೇ ತಿಳಿಯುತ್ತದೆ. ಹೊಗಳಿಕೆಯ ಹಿಂದಿನ ಲೆಕ್ಕಾಚಾರವನ್ನು ಹುಡುಗ ಹೊಗಳುವವನಿಗಿಂತ ಮೊದಲೇ ಓದಿಬಿಟ್ಟಿದ್ದಾನೆ.

ಎರಡನೆಯ ಸೋಲು ಡಾಡಿಯೆಯದಲ್ಲ, ಅವನ ಸಹೋದ್ಯೋಗಿ ಜಾಷ್ ಎಡ್ವರ್ಡ್ಸ್‌ನದು. ಗಣಿತದ ಈ ಮೃದು ಸ್ವಭಾವದ ಮೇಷ್ಟ್ರು ವರ್ಷಗಟ್ಟಲೆ ಜೋಪಾನವಾಗಿ ಸಂಗ್ರಹಿಸಿದ ಜಾಝ್ ಸಂಗೀತದ ಧ್ವನಿಮುದ್ರಿಕೆಗಳನ್ನು ತರಗತಿಗೆ ತರುತ್ತಾನೆ. ತನಗೆ ಪ್ರಿಯವಾದದ್ದು ಹುಡುಗರಿಗೂ ಪ್ರಿಯವಾದೀತು ಎಂಬುದು ಅವನ ನಂಬಿಕೆ. ವೆಸ್ಟ್ ಮತ್ತು ಗೆಳೆಯರು ಆ ತಟ್ಟೆಗಳನ್ನು ಒಂದೊಂದಾಗಿ ಗಾಳಿಯಲ್ಲಿ ಹಾರಿಸಿ ಒಡೆದುಹಾಕುತ್ತಾರೆ. ಎಡ್ವರ್ಡ್ಸ್ ಅಂಗೈಯಗಲದ ಚೂರುಗಳ ನಡುವೆ ನಿಲ್ಲುತ್ತಾನೆ. ಆ ಶಾಲೆಯ ಸಹವಾಸವೇ ಅವನಿಗೆ ಸಾಕಾಗಿಹೋಗುತ್ತದೆ. ಇಡೀ ಚಿತ್ರದಲ್ಲಿ ನೋಡಲು ಅತ್ಯಂತ ಕಷ್ಟವಾದ ದೃಶ್ಯವಿದು; ಕೊನೆಯ ಚಾಕುವಿಗಿಂತಲೂ ಕ್ರೂರವಾದದ್ದು.

ಸಾಮಾನ್ಯವಾಗಿ ಇದನ್ನು ಒಳ್ಳೆಯತನದ ಮೇಲೆ ಪಶುತ್ವದ ದಾಳಿ ಎಂದು ವ್ಯಾಖ್ಯಾನಿಸಲಾಗುತ್ತದೆ. ದಾಳಿ ನಿಜ, ಕ್ಷಮೆಗೆ ಅರ್ಹವಲ್ಲದ್ದೂ ನಿಜ. ಆದರೂ ದೃಶ್ಯವನ್ನು ನಿಧಾನವಾಗಿ ನೋಡಿದರೆ ಇನ್ನೊಂದು ಸಂಗತಿ ಕಾಣುತ್ತದೆ. ಎಡ್ವರ್ಡ್ಸ್ ತಂದದ್ದು ಉಡುಗೊರೆ, ಪಾಠವಲ್ಲ. ಅದರಲ್ಲಿ ಹುಡುಗರು ಮಾಡಬೇಕಾದದ್ದು ಏನೂ ಇರಲಿಲ್ಲ, ಕೇಳಿ ಮೆಚ್ಚುವುದರ ಹೊರತು. ಮೆಚ್ಚಿಕೊಳ್ಳಿರೆಂದು ಬೇಡುವವನ ಕೈಯಲ್ಲಿರುವುದನ್ನು ಒಡೆಯುವುದು ಕ್ರೂರಿಗೆ ಬಹಳ ಸುಲಭದ ಆಟ. ಮೃದುತ್ವ ತಪ್ಪಲ್ಲ, ಆದರೆ ಪ್ರೀತಿಸಲ್ಪಡಬೇಕೆಂಬ ಹಸಿವು ಶಿಕ್ಷಕನಲ್ಲಿದ್ದರೆ ಆ ಹಸಿವೇ ತರಗತಿಯ ಕೈಗೆ ಸಿಕ್ಕ ಆಯುಧವಾಗುತ್ತದೆ. ಚಿತ್ರ ಇದನ್ನು ಬಾಯಿಬಿಟ್ಟು ಹೇಳುವುದಿಲ್ಲ. ನಿರ್ದೇಶಕರು ಇಷ್ಟನ್ನು ಉದ್ದೇಶಿಸಿದ್ದರೋ ಇಲ್ಲವೋ, ದೃಶ್ಯದಲ್ಲಂತೂ ಇದು ಇದೆ.

ಮುಂದೆ ಡಾಡಿಯೆ ಧ್ವನಿಮುದ್ರಣ ಯಂತ್ರವೊಂದನ್ನು ತರುತ್ತಾನೆ. ಪೋರ್ಟೊರಿಕೊ ಮೂಲದ ಪೀಟ್ ಮೊರಾಲೆಸ್ ಎಂಬ ಹುಡುಗ ಅದರ ಮುಂದೆ ಕುಳಿತು ತನ್ನ ಬೆಳಗಿನ ಕಥೆ ಹೇಳುತ್ತಾನೆ. ಎದ್ದದ್ದು, ಮನೆ, ಬೀದಿ, ಶಾಲೆ ಎಲ್ಲಕ್ಕೂ ಅವನು ಅಂಟಿಸುವುದು ಒಂದೇ ಬೈಗುಳ. ಹುಡುಗರು ಹೊಟ್ಟೆ ಹಿಡಿದುಕೊಂಡು ನಗುತ್ತಾರೆ. ಪಾಠ ಕೆಟ್ಟಿತು ಎನ್ನಬಹುದು; ಮೊರಾಲೆಸ್ ನಗೆಪಾಟಲಾದದ್ದಂತೂ ಕೆಟ್ಟದ್ದೇ. ಆದರೆ ಮೊದಲ ಬಾರಿಗೆ ಆ ಕೊಠಡಿಯಲ್ಲಿ ಹುಡುಗನೊಬ್ಬನ ದಿನಚರಿ ಅವನ ಬಾಯಿಂದಲೇ ಕೇಳಿಬಂತು. ಒಂದೇ ಪದದಲ್ಲಿ ಇಡೀ ಲೋಕವನ್ನು ವಿವರಿಸಬೇಕಾದ ಬಡತನ ಎಂಥದೆಂದು ಮೇಷ್ಟ್ರಿಗೂ, ಹಾಗೆಯೇ ನಮಗೂ, ಅರಿವಾಗುವುದು ಅಲ್ಲಿಯೇ.

ಚಿತ್ರದ ನಿಜವಾದ ತಿರುವು ಇದಾದ ಮೇಲೆ ಬರುತ್ತದೆ. ಡಾಡಿಯೆ ಒಂದು ದಿನ ಪ್ರೊಜೆಕ್ಟರ್ ತಂದು, ಪರದೆ ಇಳಿಸಿ, ಪುಟ್ಟ ಮಕ್ಕಳಿಗೆಂದು ಮಾಡಿದ ಕಾರ್ಟೂನ್ ತೋರಿಸುತ್ತಾನೆ: ಜ್ಯಾಕ್ ಎಂಬ ಹುಡುಗ ಹುರುಳಿಬಳ್ಳಿ ಹತ್ತಿ ಹೋಗಿ ದೈತ್ಯನ ಸಂಪತ್ತನ್ನು ಕದ್ದು ತರುವ ಆ ಹಳೆಯ ಅಜ್ಜಿಕಥೆ. ದೀಪ ಹೊತ್ತಿದ ಮೇಲೆ ಪ್ರಶ್ನೆಗಳು ಆರಂಭವಾಗುತ್ತವೆ. ಜ್ಯಾಕ್ ಒಳ್ಳೆಯವನೇ? ಕದ್ದದ್ದು ಸರಿಯೇ? ದೈತ್ಯ ಅವನಿಗೆ ಮಾಡಿದ ಅಪರಾಧವಾದರೂ ಏನು? ಒಬ್ಬನಿಗೆ ಜ್ಯಾಕ್ ಶುದ್ಧ ಕಳ್ಳನಾಗಿ ಕಾಣುತ್ತಾನೆ. ದೈತ್ಯ ಎಲ್ಲರಂತಿರಲಿಲ್ಲ, ಆದ್ದರಿಂದಲೇ ಯಾರೂ ಅವನ ಪರ ನಿಲ್ಲಲಿಲ್ಲ ಎಂಬ ಮಾತೂ ಬರುತ್ತದೆ. ಹುಡುಗರು ಒಬ್ಬರ ಮಾತಿನ ಮೇಲೊಬ್ಬರು ಬಿದ್ದು ವಾದಿಸುತ್ತಾರೆ. ಕೊಠಡಿ ಮೊದಲಿನಷ್ಟೇ ಗದ್ದಲಮಯವಾಗಿದೆ. ಆದರೆ ಗದ್ದಲದ ಜಾತಿಯೇ ಬೇರೆಯಾಗಿದೆ.

ಈ ದೃಶ್ಯಕ್ಕೆ ಸಿಗಬೇಕಾದಷ್ಟು ಗಮನ ಸಿಕ್ಕಿಲ್ಲವೆಂದು ನನ್ನ ಅಭಿಪ್ರಾಯ. ಹೊಸ ಸಾಧನ ತಂದದ್ದರಿಂದ ಪಾಠ ಗೆದ್ದಿತು ಎಂದು ಅನೇಕರು ತಿಳಿಯುತ್ತಾರೆ. ಇಂದು ಪ್ರತಿ ತರಗತಿಗೂ ಪರದೆ ಹಾಕಿಸಿ ನಿರಾಳರಾಗುವವರ ತರ್ಕವೂ ಇದೇ. ಸಾಧನವೇ ಕಾರಣವಾಗಿದ್ದರೆ ಧ್ವನಿಮುದ್ರಣ ಯಂತ್ರವೂ ಗೆಲ್ಲಬೇಕಿತ್ತು, ಎಡ್ವರ್ಡ್ಸ್‌ನ ಗ್ರಾಮಫೋನೂ ಗೆಲ್ಲಬೇಕಿತ್ತು. ಇಲ್ಲಿ ಬದಲಾದದ್ದು ಪ್ರಶ್ನೆಯ ಸ್ವರೂಪ. ಅದುವರೆಗೆ ಆ ಹುಡುಗರಿಗೆ ಕೇಳಲಾಗಿದ್ದ ಪ್ರಶ್ನೆಗಳಿಗೆಲ್ಲ ಮೇಷ್ಟ್ರ ಬಳಿ ಉತ್ತರ ಸಿದ್ಧವಾಗಿರುತ್ತಿತ್ತು. ತಪ್ಪು ಹೇಳಿ ಸಿಕ್ಕಿಬೀಳುವುದಷ್ಟೇ ಹುಡುಗರ ಪಾಲು. ಜ್ಯಾಕ್ ಕಳ್ಳನೇ ಎಂಬ ಪ್ರಶ್ನೆಗೆ ಮೇಷ್ಟ್ರ ಮೇಜಿನೊಳಗೆ ಉತ್ತರವಿಲ್ಲ. ಹದಿನೇಳು ಹದಿನೆಂಟರ ತರುಣರಿಗೆ ಶಿಶುವಿಹಾರದ ಕಥೆ ತೋರಿಸಿದರೂ ಅವರಿಗೆ ಅವಮಾನವೆನಿಸದಿರಲು ಕಾರಣ, ಆ ಕಥೆಯ ಬಗ್ಗೆ ಅವರಿಂದ ಕೇಳಿದ್ದು ನ್ಯಾಯಾಧೀಶನಿಗೆ ಕೇಳುವಂಥ ಪ್ರಶ್ನೆ. ಜೀವನದುದ್ದಕ್ಕೂ ತೀರ್ಪಿಗೆ ಒಳಗಾದವರು ಒಂದು ಗಂಟೆಯ ಮಟ್ಟಿಗೆ ತೀರ್ಪು ಕೊಡುವವರಾದರು.

ಪಾಠ ಮುಗಿದು ಹೊರಬಂದಾಗ ಇತರ ಶಿಕ್ಷಕರು ಡಾಡಿಯೆಯನ್ನು ಮುತ್ತಿಕೊಂಡು ಗುಟ್ಟೇನೆಂದು ಕೇಳುತ್ತಾರೆ. ಅವನ ಮುಖದಲ್ಲಿ ಸಂತೋಷವಿದೆ. ಸ್ಪಷ್ಟ ಉತ್ತರ ಅವನಲ್ಲೂ ಇಲ್ಲ. ದುರದೃಷ್ಟವೆಂದರೆ ಚಿತ್ರಕ್ಕೂ ಆ ಗುಟ್ಟು ಅರ್ಥವಾದಂತಿಲ್ಲ. ಅದು ಈ ಪಾಠದ ದಾರಿಯನ್ನು ಅಲ್ಲಿಗೇ ಬಿಟ್ಟು ಚಾಕುವಿನ ಕಡೆಗೆ ಓಡುತ್ತದೆ.

ಮಿಲ್ಲರನ ಕಥೆಯಲ್ಲೂ ಇಂಥದೇ ಒಂದು ಅವಸರವಿದೆ. ಅವನೇ ಕಿರುಕುಳದ ಸೂತ್ರಧಾರನೆಂದು ಡಾಡಿಯೆ ಬಹುಕಾಲ ಶಂಕಿಸುತ್ತಾನೆ. ಕೋಪದ ಒಂದು ಗಳಿಗೆಯಲ್ಲಿ ಬಣ್ಣವನ್ನು ಹೀಯಾಳಿಸುವ ಮಾತು ಅವನ ನಾಲಗೆಯ ತುದಿಗೆ ಬಂದು ಅರ್ಧದಲ್ಲೇ ನಿಲ್ಲುತ್ತದೆ. ಕ್ರಿಸ್ಮಸ್ ಕಾರ್ಯಕ್ರಮದ ತಯಾರಿಯಲ್ಲಿ ಮಿಲ್ಲರ್ ಪಿಯಾನೋ ಮುಂದೆ ಕುಳಿತು ಗೆಳೆಯರೊಡನೆ, ಗುಲಾಮಗಿರಿಯ ಕಾಲದ ಕರಿಯ ಜನಾಂಗದವರು ಮೋಶೆಯನ್ನು ನೆನೆದು ಕಟ್ಟಿದ ಭಕ್ತಿಗೀತೆಯನ್ನು ಹಾಡುತ್ತಾನೆ. ವಾಹನ ದುರಸ್ತಿಯ ಗ್ಯಾರೇಜಿನಲ್ಲಿ ಅವನು ದುಡಿಯುವುದನ್ನೂ ನಾವು ನೋಡುತ್ತೇವೆ. ತನ್ನ ಬಣ್ಣದವನಿಗೆ ಓದಿನಿಂದ ಏನು ಸಿಕ್ಕೀತು ಎಂಬ ಅವನ ಪ್ರಶ್ನೆಗೆ ಡಾಡಿಯೆ ಹೇಳುವ ಸಮಾಧಾನ ತೆಳುವಾಗಿ ಕೇಳುತ್ತದೆ. ಇಲ್ಲಿ ಚಿತ್ರದ ದೊಡ್ಡ ಕೊರತೆಯೊಂದು ಬಯಲಾಗುತ್ತದೆ. ಕೈಕಸುಬಿನ ಶಾಲೆಯ ಕಥೆಯೆಂದು ಹೊರಟ ಚಿತ್ರದಲ್ಲಿ ಕೈಕಸುಬಿನ ಪಾಠ ಕಥೆಯ ಕೇಂದ್ರಕ್ಕೆ ಬರುವುದೇ ಇಲ್ಲ. ಎಂಜಿನ್ನಿನ ಮುಂದೆ ಬಾಗಿದ ಮಿಲ್ಲರ್ ಯಾರ ಗದರಿಕೆಯೂ ಬೇಕಿಲ್ಲದೆ ಶಿಸ್ತಿನಲ್ಲಿರುವ ತರುಣ. ಅವನ ಕೈಗೆ ತಿಳಿದಿರುವುದನ್ನು ಇಂಗ್ಲಿಷ್ ಪಾಠದ ಬಾಗಿಲಾಗಿ ಬಳಸಬಹುದೆಂದು ಮೇಷ್ಟ್ರಿಗೂ ಹೊಳೆಯುವುದಿಲ್ಲ, ಕಥೆಗಾರನಿಗೂ ಹೊಳೆಯುವುದಿಲ್ಲ.

ವೆಸ್ಟ್‌ನ ವಿಷಯವೇನು? ಪೊಲೀಸ್ ಅಧಿಕಾರಿಯೊಬ್ಬ ಚಿತ್ರದಲ್ಲಿ ಇಂಥ ಹುಡುಗರ ಹಿನ್ನೆಲೆಯನ್ನು ವಿವರಿಸುತ್ತಾನೆ: ಯುದ್ಧದ ವರ್ಷಗಳಲ್ಲಿ ಇವರು ಎಳೆಯ ಮಕ್ಕಳು, ತಂದೆ ಸೈನ್ಯದಲ್ಲಿ, ತಾಯಿ ಕಾರ್ಖಾನೆಯಲ್ಲಿ, ಮನೆಯೂ ಇಲ್ಲ, ದೇವಾಲಯದ ಒಡನಾಟವೂ ಇಲ್ಲ, ಹೆತ್ತವರ ಜಾಗಕ್ಕೆ ಬೀದಿಯ ಗುಂಪಿನ ಮುಖಂಡ ಬಂದು ಕೂತ. ಈ ವಿವರಣೆ ಅಚ್ಚುಕಟ್ಟಾಗಿದೆ, ಬಹುಮಟ್ಟಿಗೆ ಸತ್ಯವೂ ಇರಬಹುದು. ಆದರೆ ನಾಳೆ ಬೆಳಿಗ್ಗೆ ಒಂಬತ್ತಕ್ಕೆ ಆ ಹುಡುಗನ ಎದುರು ನಿಲ್ಲಬೇಕಾದವನಿಗೆ ಇದರಿಂದ ದೊರೆಯುವ ನೆರವು ಅಷ್ಟರಲ್ಲೇ ಇದೆ. ಇದಕ್ಕಿಂತ ಹೆಚ್ಚು ಬೆಳಕು ಚೆಲ್ಲುವುದು ಒಂದು ರಾತ್ರಿ ಬೀದಿಯಲ್ಲಿ ವೆಸ್ಟ್ ತಾನೇ ಆಡುವ ಮಾತು. ಜೈಲಿಗೆ ಹೋದರೇನಂತೆ, ಒಂದು ವರ್ಷ ಒಳಗಿದ್ದು ಬಂದವನನ್ನು ಸೈನ್ಯ ಕರೆಯುವುದಿಲ್ಲ, ಯಾವುದೋ ಯುದ್ಧದಲ್ಲಿ ಸಾಯುವುದಾದರೂ ತಪ್ಪೀತು ಎಂದು ಅವನು ಲೆಕ್ಕ ಹಾಕುತ್ತಾನೆ. ಇಡೀ ಚಿತ್ರದಲ್ಲಿ ವೆಸ್ಟ್ ತನ್ನ ಭಯವನ್ನು ಹೊರಗಿಡುವುದು ಇದೊಂದೇ ಕ್ಷಣ. ಕೊರಿಯಾ ಯುದ್ಧ ನಿಂತದ್ದು 1953ರಲ್ಲಿ, ಭಯಕ್ಕೆ ಕಾರಣವಿತ್ತು. ಡಾಡಿಯೆ ಯುದ್ಧದಲ್ಲಿ ಸೇವೆ ಸಲ್ಲಿಸಿ ಬಂದವನು. ಈ ಇಬ್ಬರ ನಡುವೆ ಆಗಬೇಕಿದ್ದ ಒಂದು ಸಂಭಾಷಣೆ ಅಲ್ಲಿತ್ತು. ಅದು ಆಗಲಿಲ್ಲ.

ಕೊನೆಗೆ ತರಗತಿಯಲ್ಲಿ ವೆಸ್ಟ್ ಚಾಕು ಎತ್ತುತ್ತಾನೆ. ಡಾಡಿಯೆಯ ಕೈಗೆ ಗಾಯವಾಗುತ್ತದೆ. ಉಳಿದ ಹುಡುಗರು ಈ ಬಾರಿ ವೆಸ್ಟ್‌ನ ಪರ ನಿಲ್ಲುವುದಿಲ್ಲ. ಅವನ ಸಹಚರನನ್ನು ಹುಡುಗನೊಬ್ಬ ತರಗತಿಯಲ್ಲಿದ್ದ ರಾಷ್ಟ್ರಧ್ವಜದ ಕೋಲಿನಿಂದಲೇ ಗೋಡೆಗೆ ಒತ್ತಿ ಹಿಡಿಯುತ್ತಾನೆ. ಪ್ರೇಕ್ಷಕರು ಚಪ್ಪಾಳೆ ತಟ್ಟಲು ಬೇಕಾದದ್ದೆಲ್ಲ ಇಲ್ಲಿದೆ. ಚಾಕು ಹಿಡಿದವನನ್ನು ತರಗತಿಯಿಂದ ಹೊರಗೆ ಒಯ್ಯಲೇಬೇಕು ಎಂಬುದರಲ್ಲಿ ಎರಡು ಮಾತಿಲ್ಲ. ಉಳಿದ ಮಕ್ಕಳ ರಕ್ಷಣೆ ಶಿಕ್ಷಕನ ಮೊದಲ ಹೊಣೆ. ನನ್ನ ಆಕ್ಷೇಪ ಬೇರೆಯದು. ಹೊರಹಾಕುವುದನ್ನು ಚಿತ್ರ ಅನಿವಾರ್ಯ ನೋವೆಂದು ತೋರಿಸದೆ ವಿಜಯವೆಂದು ಆಚರಿಸುತ್ತದೆ. ಧ್ವಜವನ್ನು ಕೈಗೆ ಕೊಟ್ಟು ಆ ಆಚರಣೆಗೆ ದೇಶಭಕ್ತಿಯ ಮುದ್ರೆಯನ್ನೂ ಒತ್ತುತ್ತದೆ. ಮುಚ್ಚಳದ ಮೇಲೆ ಕೂತಿದ್ದ ಮರ್ಡಾಕ್‌ನ ಸಿದ್ಧಾಂತವೇ ಕೊಂಚ ಚೊಕ್ಕಟವಾದ ಉಡುಪಿನಲ್ಲಿ ಗೆದ್ದಂತಾಗುತ್ತದೆ. ಅಷ್ಟಾದರೂ ಅಂದಿನ ಅಮೆರಿಕಕ್ಕೆ ಚಿತ್ರ ಸಹ್ಯವಾಗಲಿಲ್ಲ. 1955ರ ವೆನಿಸ್ ಚಿತ್ರೋತ್ಸವದಿಂದ ಅದು ಹಿಂದೆ ಸರಿಯಬೇಕಾದದ್ದು ಇಟಲಿಯಲ್ಲಿದ್ದ ಅಮೆರಿಕದ ರಾಯಭಾರಿ ಕ್ಲೇರ್ ಬೂತ್ ಲೂಸ್ ಅವರ ವಿರೋಧದಿಂದ.

ಹನ್ನೆರಡು ವರ್ಷಗಳ ಅನಂತರ, 1967ರಲ್ಲಿ, ಅದೇ ಸಿಡ್ನಿ ಪಾಯ್ಟಿಯರ್ ಮೇಜಿನ ಇನ್ನೊಂದು ಬದಿಗೆ ಬಂದರು. ಜೇಮ್ಸ್ ಕ್ಲಾವೆಲ್ ನಿರ್ದೇಶಿಸಿದ ‘ಟು ಸರ್, ವಿತ್ ಲವ್’ ಚಿತ್ರದಲ್ಲಿ ಅವರು ಲಂಡನ್ನಿನ ಪೂರ್ವಭಾಗದ ಬಡ ಬಡಾವಣೆಯ ಉಪಾಧ್ಯಾಯ. ಎಂಜಿನಿಯರ್ ಹುದ್ದೆ ಸಿಗದೆ ಪಾಠಕ್ಕೆ ಬಂದವನಾತ. ಕೆಲವೇ ತಿಂಗಳಲ್ಲಿ ಶಾಲೆ ಬಿಟ್ಟು ದುಡಿಮೆಗೆ ಹೋಗಲಿರುವ ಮಕ್ಕಳು ಅವನ ಮುಂದಿದ್ದಾರೆ. ಪಠ್ಯಪುಸ್ತಕಗಳನ್ನು ಕಸದ ಬುಟ್ಟಿಗೆ ಎಸೆದು, ಇನ್ನು ಮುಂದೆ ನೀವು ದೊಡ್ಡವರು, ಒಬ್ಬರನ್ನೊಬ್ಬರು ಗೌರವದಿಂದ ಕರೆಯತಕ್ಕದ್ದು ಎಂದು ಅವನು ಕಟ್ಟಳೆ ಮಾಡುತ್ತಾನೆ. ಬದುಕು, ಮದುವೆ, ಸಾವು, ಅಡುಗೆ, ಉದ್ಯೋಗ ಎಲ್ಲವೂ ಅಲ್ಲಿ ಪಾಠವಾಗುತ್ತವೆ. ಬ್ರೂಕ್ಸ್ ಅವರ ಚಿತ್ರದಲ್ಲಿ ಇಲ್ಲದ ಸೌಜನ್ಯ ಇದರಲ್ಲಿದೆ. ಕುಟುಂಬವೆಲ್ಲ ಕೂಡಿ ನೋಡಬಹುದಾದ ಚಿತ್ರ. ಆದರೆ ಸೌಜನ್ಯ ಇಲ್ಲಿ ಸ್ವಲ್ಪ ಬೇಗನೆ ಫಲ ಕೊಡುತ್ತದೆ. ಪಾಯ್ಟಿಯರ್ ಅವರ ವ್ಯಕ್ತಿತ್ವದ ಕಾಂತಿಯೇ ಅರ್ಧ ಕೆಲಸ ಮುಗಿಸುತ್ತದೆ. ಅಂಥ ಕಾಂತಿಯಿಲ್ಲದ ಸಾಧಾರಣ ಮೇಷ್ಟ್ರು ಏನು ಮಾಡಬೇಕು ಎಂಬುದು ತಿಳಿಯುವುದಿಲ್ಲ.

ಆ ಪ್ರಶ್ನೆಗೆ ಉತ್ತರ ಚಿತ್ರದ ಹಿಂದಿನ ನಿಜದ ಶಾಲೆಯಲ್ಲಿತ್ತು. ಮೂಲಕೃತಿಯನ್ನು 1959ರಲ್ಲಿ ಬರೆದವರು ಬ್ರಿಟಿಷ್ ಗಯಾನಾದಲ್ಲಿ ಹುಟ್ಟಿ, ಯುದ್ಧಕಾಲದಲ್ಲಿ ಬ್ರಿಟಿಷ್ ವಾಯುಪಡೆಯಲ್ಲಿ ದುಡಿದ ಇ. ಆರ್. ಬ್ರೈತ್‌ವೇಟ್. ಅವರು ಪಾಠ ಮಾಡಿದ ಸೇಂಟ್ ಜಾರ್ಜ್-ಇನ್-ದಿ-ಈಸ್ಟ್ ಶಾಲೆಯ ಮುಖ್ಯೋಪಾಧ್ಯಾಯರು ಅಲೆಕ್ಸ್ ಬ್ಲೂಮ್. 1945ರಲ್ಲಿ, ಬಾಂಬಿನಿಂದ ನಲುಗಿದ ಸ್ಟೆಪ್ನಿ ಬಡಾವಣೆಯಲ್ಲಿ ಅಧಿಕಾರ ವಹಿಸಿಕೊಂಡ ಬ್ಲೂಮ್ ಬೆತ್ತವನ್ನು ಕೈಬಿಟ್ಟರು. ಬಹುಮಾನ ಮತ್ತು ಪೈಪೋಟಿಗಳನ್ನೂ ಕೈಬಿಟ್ಟರು. ಶಾಲೆಯ ಆಡಳಿತದಲ್ಲಿ ಮಕ್ಕಳ ಸಮಿತಿಗೂ ಶಿಕ್ಷಕರ ಸಮಿತಿಗೂ ಪಾಲು ಕೊಟ್ಟು, ಇಬ್ಬರೂ ಕೂಡಿ ಚರ್ಚಿಸುವ ವ್ಯವಸ್ಥೆ ಮಾಡಿದರು. ಎಲ್ಲಕ್ಕಿಂತ ಮುಖ್ಯವಾದದ್ದು ವಾರದ ವಿಮರ್ಶೆ. ವಾರಕ್ಕೊಮ್ಮೆ ಪ್ರತಿ ಮಗುವೂ ಆ ವಾರದ ಪಾಠಗಳ ಬಗ್ಗೆ, ಶಿಕ್ಷಕರ ಬಗ್ಗೆ, ಶಾಲೆಯ ಬಗ್ಗೆ ತನಗನಿಸಿದ್ದನ್ನು ಬರೆಯುತ್ತಿತ್ತು. ಬರೆದದ್ದಕ್ಕಾಗಿ ಶಿಕ್ಷೆಯಿಲ್ಲ. ಜ್ಯಾಕ್ ಕಳ್ಳನೇ ಎಂಬ ಪಾಠದಲ್ಲಿ ಡಾಡಿಯೆಗೆ ಒಂದು ಗಂಟೆ ಆಕಸ್ಮಿಕವಾಗಿ ಒದಗಿದ್ದನ್ನು ಬ್ಲೂಮ್ ವಾರ ವಾರದ ಪದ್ಧತಿಯನ್ನಾಗಿ ಮಾಡಿದ್ದರು. ಮೇಷ್ಟ್ರಿಗೆ ನಾಯಕನಟನ ಕಾಂತಿ ಇರಬೇಕಾದ ಅಗತ್ಯ ಅಲ್ಲಿರಲಿಲ್ಲ. ಹುಡುಗ ಬರೆದದ್ದನ್ನು ಸಿಟ್ಟಾಗದೆ ಓದುವಷ್ಟು ತಾಳ್ಮೆ ಇದ್ದರೆ ಸಾಕಿತ್ತು. ಬ್ರೈತ್‌ವೇಟ್ ಅವರ ಪುಸ್ತಕದಲ್ಲಿ ಈ ಪದ್ಧತಿಗೆ ಜಾಗವಿದೆ. ಚಲನಚಿತ್ರ ಮುಖ್ಯೋಪಾಧ್ಯಾಯನನ್ನು ಬದಿಗೆ ಸರಿಸಿ ಎಲ್ಲ ಬೆಳಕನ್ನೂ ಒಬ್ಬ ನಾಯಕನ ಮೇಲೆ ಚೆಲ್ಲಿತು. ಒಬ್ಬಂಟಿ ವೀರ ಶಿಕ್ಷಕನ ಕಥೆ ಟಿಕೆಟ್ ಮಾರುತ್ತದೆ; ಸಮಿತಿಯ ಸಭೆ ಮಾರುವುದಿಲ್ಲ.

ಬ್ಲೂಮ್ ನಿಧನರಾದದ್ದು 1955ರಲ್ಲಿ, ಬ್ರೂಕ್ಸ್ ಅವರ ಚಿತ್ರ ಬಂದ ವರ್ಷದಲ್ಲೇ.

ಈ ಎರಡೂ ಚಿತ್ರಗಳಲ್ಲಿ ಮಾತನಾಡುವವರು ಶಿಕ್ಷಕರು ಅಥವಾ ಶಿಕ್ಷಕರ ಪರವಾದ ಲೇಖಕರು. ಪಾಸಾಗದ ಹುಡುಗನೇ ಬರೆಯಲು ಕುಳಿತರೆ ಹೇಗಿರುತ್ತದೆ? ಅಂಥ ಪುಸ್ತಕವೂ 1967ರಲ್ಲೇ ಇಟಲಿಯಲ್ಲಿ ಹೊರಬಂತು. ಫ್ಲಾರೆನ್ಸಿನ ಉತ್ತರಕ್ಕಿರುವ ಬೆಟ್ಟದ ನಡುವಣ ಬಾರ್ಬಿಯಾನಾ ಎಂಬ ಪುಟ್ಟ ಧರ್ಮಕೇಂದ್ರಕ್ಕೆ 1954ರ ಡಿಸೆಂಬರಿನಲ್ಲಿ ಗುರುಗಳಾಗಿ ಬಂದ ಲೊರೆಂಜೊ ಮಿಲಾನಿಯವರು ಅಲ್ಲಿನ ರೈತರ ಮಕ್ಕಳಿಗಾಗಿ ಶಾಲೆಯೊಂದನ್ನು ತೆರೆದರು. ಆ ಶಾಲೆಯ ಎಂಟು ಮಂದಿ ವಿದ್ಯಾರ್ಥಿಗಳು ಕೂಡಿ ಬರೆದ ‘ಒಬ್ಬ ಶಿಕ್ಷಕಿಗೆ ಪತ್ರ’ ಎಂಬ ಅರ್ಥದ ಹೆಸರಿನ ಪುಸ್ತಕ, ತಮ್ಮನ್ನು ಅನುತ್ತೀರ್ಣಗೊಳಿಸಿದ ಸರ್ಕಾರಿ ಶಾಲೆಯನ್ನು ಅಂಕಿಅಂಶಗಳ ಸಮೇತ ಕಟಕಟೆಗೆ ತಂದು ನಿಲ್ಲಿಸುತ್ತದೆ. ಯಾರ ಮಕ್ಕಳು ಬೀಳುತ್ತಾರೆ, ಯಾರ ಮಕ್ಕಳು ದಾಟುತ್ತಾರೆ ಎಂದು ಅವರು ಲೆಕ್ಕ ಹಾಕಿದ್ದರು. ಹೆಸರಿನಲ್ಲಿ ಶಿಕ್ಷಕಿಯಿದ್ದರೂ ಇದು ಶಿಕ್ಷಕರಿಗಲ್ಲ, ಹೆತ್ತವರಿಗಾಗಿ ಬರೆದದ್ದು ಎಂದು ಅವರು ಆರಂಭದಲ್ಲೇ ತಿಳಿಸುತ್ತಾರೆ. ಪುಸ್ತಕ ಬಂದ ಮುಂದಿನ ತಿಂಗಳು, ಜೂನ್‌ನಲ್ಲಿ, ಮಿಲಾನಿ 44ನೆಯ ವಯಸ್ಸಿನಲ್ಲಿ ತೀರಿಕೊಂಡರು. ಜೀವಿತಕಾಲದಲ್ಲಿ ಧರ್ಮಸಭೆಯ ಅಧಿಕಾರಿಗಳಿಂದ ಅವರಿಗೆ ಸಂದದ್ದು ಹೆಚ್ಚಾಗಿ ಅಸಮಾಧಾನ. ಐವತ್ತು ವರ್ಷಗಳ ಬಳಿಕ, 2017ರ ಜೂನ್‌ನಲ್ಲಿ, ಪೋಪ್ ಫ್ರಾನ್ಸಿಸ್ ಅವರ ಸಮಾಧಿಗೆ ಹೋಗಿ ಪ್ರಾರ್ಥಿಸಿದರು.

ಬಾರ್ಬಿಯಾನಾವನ್ನು ಮಾದರಿಯೆಂದು ಹಾಗೆಯೇ ಎತ್ತಿಕೊಳ್ಳಲು ನನಗೆ ಮನಸ್ಸಿಲ್ಲ. ಬೆಳಗಿನಿಂದ ರಾತ್ರಿಯವರೆಗೆ ಪಾಠ, ರಜೆಯಿಲ್ಲ, ಆಟವಿಲ್ಲ, ಗುರುಗಳ ನಾಲಗೆಯೂ ಹರಿತ. ಆದರೆ ಆ ಹುಡುಗರು ಒಂದು ಮಾತನ್ನು ಎದುರಿಗಿಡುತ್ತಾರೆ. ಎರಡು ಚಿತ್ರಗಳೂ ಅದನ್ನು ಕಂಡಿಲ್ಲ. ಶಿಕ್ಷಕಿಯ ಮುಂದೆ ಬಾಯಿ ಕಟ್ಟಿದಂತಾಗಿ ತಲೆ ತಗ್ಗಿಸಿ ನಿಲ್ಲುವ ಹಳ್ಳಿಯ ಹುಡುಗನ ಸಂಕೋಚ ಅವರ ಪುಸ್ತಕದ ಮೊದಲ ಪುಟಗಳಲ್ಲೇ ಇದೆ. ಅವನು ಚೆಂಡು ಎಸೆಯುವುದಿಲ್ಲ, ತಟ್ಟೆ ಒಡೆಯುವುದಿಲ್ಲ, ಚಾಕು ತೆಗೆಯುವುದಿಲ್ಲ. ತರಗತಿಯ ಶಾಂತಿಗೆ ಅವನಿಂದ ಭಂಗವೇ ಇಲ್ಲವಾದ್ದರಿಂದ ಯಾರೂ ಅವನನ್ನು ‘ಕಷ್ಟದ ವಿದ್ಯಾರ್ಥಿ’ ಎನ್ನುವುದಿಲ್ಲ. ಒಂದು ದಿನ ಅವನು ಬರುವುದನ್ನು ನಿಲ್ಲಿಸುತ್ತಾನೆ. ಹಾಜರಿ ಪುಸ್ತಕದಲ್ಲಿ ಗೆರೆ ಎಳೆಯಲಾಗುತ್ತದೆ. ನಾರ್ತ್ ಮ್ಯಾನುಯಲ್ ಶಾಲೆಯ ಆ ಕೊಠಡಿಯಲ್ಲೂ ಅಂಥ ನಾಲ್ಕಾರು ಹ‌ುಡುಗರು ಕುಳಿತಿರುತ್ತಾರೆ. ಕ್ಯಾಮೆರಾ ಅವರ ಮುಖದ ಮೇಲೆ ನಿಲ್ಲುವುದೇ ಇಲ್ಲ.

ತಂದೆತಾಯಿಗಳಿಗೆ ಒಂದು ಸೂಚನೆ: ‘ಬ್ಲ್ಯಾಕ್‌ಬೋರ್ಡ್ ಜಂಗಲ್’ ಕಪ್ಪುಬಿಳುಪಿನ ಚಿತ್ರ. ಶಿಕ್ಷಕಿಯೊಬ್ಬಳ ಮೇಲೆ ವಿದ್ಯಾರ್ಥಿ ಎರಗುವ ದೃಶ್ಯವೊಂದು ಅದರಲ್ಲಿದೆ. ಆದ್ದರಿಂದ ಚಿಕ್ಕ ಮಕ್ಕಳಿಗೆ ತಕ್ಕದ್ದಲ್ಲ. ಪದವಿಪೂರ್ವ, ಐ.ಟಿ.ಐ. ಅಥವಾ ಡಿಪ್ಲೊಮಾ ತರಗತಿಗಳಲ್ಲಿರುವ ಮಕ್ಕಳೊಡನೆ ಕುಳಿತು ನೋಡಬಹುದು. ಜ್ಯಾಕ್‌ನ ಕಥೆ ಬಂದಾಗ ಚಿತ್ರವನ್ನು ಅಲ್ಲೇ ನಿಲ್ಲಿಸಿ, ಆ ಪ್ರಶ್ನೆಗಳನ್ನು ಮನೆಯಲ್ಲೇ ಕೇಳಿ ನೋಡುವುದು ಉಚಿತ. ಉತ್ತರ ಹೇಳಿಕೊಡುವ ಚಪಲವನ್ನು ಮಾತ್ರ ತಡೆದುಕೊಳ್ಳಬೇಕಾಗುತ್ತದೆ.

ಚಿತ್ರದ ಕೊನೆಯಲ್ಲಿ ಡಾಡಿಯೆ ಮತ್ತು ಮಿಲ್ಲರ್ ತಮ್ಮೊಳಗೇ ಒಂದು ಒಪ್ಪಂದ ಮಾಡಿಕೊಳ್ಳುತ್ತಾರೆ: ಮೇಷ್ಟ್ರು ಶಾಲೆ ಬಿಡಬಾರದು, ಹುಡುಗನೂ ಬಿಡಬಾರದು. ಮಾತು ಮುಗಿಸಿ ಇಬ್ಬರೂ ತಮ್ಮ ತಮ್ಮ ದಾರಿ ಹಿಡಿಯುತ್ತಾರೆ, ಮತ್ತೆ ಅದೇ ಹಾಡು ಮೊಳಗುತ್ತದೆ. ಮರುದಿನ ಅದೇ ತರಗತಿಯಲ್ಲಿ ವೆಸ್ಟ್ ಕೂರುತ್ತಿದ್ದ ಜಾಗ ಖಾಲಿಯಿರುತ್ತದೆ. ಆ ದಿನದ ಪಾಠವನ್ನು ಚಿತ್ರ ತೋರಿಸುವುದಿಲ್ಲ.